ರಾಜೀವ್ ಗಾಂಧಿ: ತಮ್ಮ ಕಾಲದ ಕಾಯ್ದೆಯ ಹೊರಗೇ ಉಳಿದ ನಾಯಕ

ಭಾರತದ ಪ್ರಧಾನಮಂತ್ರಿಯ ಪ್ರಾಣರಕ್ಷಣೆಗೆಂದೇ ಸಂಸತ್ತು ಪ್ರತ್ಯೇಕ ಶಾಸನವೊಂದನ್ನು ಅಂಗೀಕರಿಸಿದ್ದು 1988ರಲ್ಲಿ. ವಿಶೇಷ ರಕ್ಷಣಾ ಪಡೆ ಕಾಯ್ದೆ ಎಂಬ ಹೆಸರಿನ ಆ ಶಾಸನ ಜಾರಿಗೆ ಬಂದಾಗ ದೇಶದ ಚುಕ್ಕಾಣಿ ಹಿಡಿದಿದ್ದವರು ರಾಜೀವ್ ಗಾಂಧಿ. ಮೂರು ವರ್ಷ ಕಳೆಯುವ ಮೊದಲೇ, 1991ರ ಮೇ 21ರ ರಾತ್ರಿ, ತಮಿಳುನಾಡಿನ ಶ್ರೀಪೆರಂಬುದೂರಿನಲ್ಲಿ ಚುನಾವಣಾ ಪ್ರಚಾರಕ್ಕೆಂದು ಬಂದಿದ್ದ ಅವರು ಮಾನವ ಬಾಂಬ್‌ಗೆ ಬಲಿಯಾದರು. ಆ ರಾತ್ರಿ ಅವರ ಸುತ್ತ ವಿಶೇಷ ರಕ್ಷಣಾ ಪಡೆಯ ಒಬ್ಬನೇ ಒಬ್ಬ ಸಿಬ್ಬಂದಿಯೂ ಇರಲಿಲ್ಲ. ಕಾಯ್ದೆಯ ಪ್ರಕಾರ ಇರಬೇಕಾದ ಅಗತ್ಯವೂ ಇರಲಿಲ್ಲ. ಏಕೆಂದರೆ ಅವರು ಆಗ ಮಾಜಿ ಪ್ರಧಾನಿ. ಕಾಯ್ದೆ ಕಾಯುತ್ತಿದ್ದುದು ಹಾಲಿ ಪ್ರಧಾನಿಯನ್ನು ಮಾತ್ರ.

ಅಧಿಕಾರ ಕಳೆದುಕೊಂಡವನ ಬೆನ್ನಿಗೆ ಅಧಿಕಾರದಲ್ಲಿದ್ದಾಗ ಕಟ್ಟಿಕೊಂಡ ವೈರ ಹಾಗೆಯೇ ಉಳಿಯುತ್ತದೆ ಎಂಬ ಸರಳ ಸತ್ಯವನ್ನು ಭಾರತದ ಶಾಸನ ಪುಸ್ತಕ ಒಪ್ಪಿಕೊಳ್ಳಲು ರಾಜೀವ್ ಅವರ ಸಾವು ಬೇಕಾಯಿತು. ಅವರ ಬದುಕನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ನೋಡುವುದು ಅಗತ್ಯ.

ರಾಜಕೀಯದಿಂದ ದೂರ ಉಳಿದ ಹುಡುಗ

ರಾಜೀವ್ ಜನಿಸಿದ್ದು 1944ರ ಆಗಸ್ಟ್ 20ರಂದು, ಅಂದಿನ ಬೊಂಬಾಯಿಯಲ್ಲಿ. ತಂದೆ ಫಿರೋಜ್ ಗಾಂಧಿ, ತಾಯಿ ಇಂದಿರಾ ಗಾಂಧಿ. ದೇಶ ಸ್ವತಂತ್ರವಾದಾಗ ಮಗುವಿಗೆ ಮೂರು ವರ್ಷ ತುಂಬಲು ಐದು ದಿನ ಬಾಕಿ. ಅಜ್ಜ ಜವಾಹರಲಾಲ್ ನೆಹರೂ ಅವರ ಅಧಿಕೃತ ನಿವಾಸವಾದ ದೆಹಲಿಯ ತೀನ್ ಮೂರ್ತಿ ಭವನದಲ್ಲಿ ಬಾಲ್ಯ ಕಳೆಯಿತು. 1948ರ ಜನವರಿ 30ರಂದು ಮಹಾತ್ಮ ಗಾಂಧಿಯವರ ಹತ್ಯೆ ನಡೆಯಿತು. ಅದಕ್ಕೆ ಹತ್ತು ದಿನ ಮೊದಲು, ಜನವರಿ 20ರಂದು, ಬಿರ್ಲಾ ಭವನದ ಪ್ರಾರ್ಥನಾ ಸಭೆಯಲ್ಲಿ ಸ್ಫೋಟ ಸಂಭವಿಸಿದ್ದರೂ ಪ್ರಾರ್ಥನೆಗೆ ಬರುವವರನ್ನು ತಪಾಸಣೆ ಮಾಡಲು ಗಾಂಧೀಜಿ ಒಪ್ಪಿರಲಿಲ್ಲ. ಜನನಾಯಕನಿಗೂ ಜನರಿಗೂ ನಡುವೆ ಗೋಡೆ ಇರಕೂಡದೆಂಬ ಆ ನಂಬಿಕೆ ಭಾರತದ ಸಾರ್ವಜನಿಕ ಜೀವನದಲ್ಲಿ ಬಹುಕಾಲ ಆದರ್ಶವಾಗಿಯೇ ಉಳಿಯಿತು.

ಡೆಹ್ರಾಡೂನಿನ ಡೂನ್ ಶಾಲೆಯಲ್ಲಿ ಓದಿದ ರಾಜೀವ್ ಬಳಿಕ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಹಾಗೂ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮಾಡಿದರು. ಪದವಿ ಪೂರ್ಣಗೊಳ್ಳಲಿಲ್ಲ. 1966ರಲ್ಲಿ ಸ್ವದೇಶಕ್ಕೆ ಮರಳಿ ವಿಮಾನ ಹಾರಾಟದ ತರಬೇತಿ ಪಡೆದು ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಪೈಲಟ್ ಆದರು. 1968ರ ಫೆಬ್ರವರಿಯಲ್ಲಿ ಇಟಲಿ ಮೂಲದ ಸೋನಿಯಾ ಅವರನ್ನು ವಿವಾಹವಾದರು. ರಾಹುಲ್, ಪ್ರಿಯಾಂಕಾ ಎಂಬ ಇಬ್ಬರು ಮಕ್ಕಳು. ಛಾಯಾಗ್ರಹಣ, ಹ್ಯಾಮ್ ರೇಡಿಯೊ, ಸಂಗೀತ ಅವರ ಹವ್ಯಾಸಗಳಾಗಿದ್ದವು. ತಾಯಿ ಪ್ರಧಾನಿಯಾಗಿ, ತಮ್ಮ ಸಂಜಯ್ ಅವರ ಬಲಗೈಯಾಗಿ ದೇಶದ ರಾಜಕಾರಣವನ್ನು ಆಳುತ್ತಿದ್ದಾಗಲೂ ರಾಜೀವ್ ಆ ದಾರಿಗೆ ಬರಲಿಲ್ಲ.

1980ರ ಜೂನ್ 23ರಂದು ದೆಹಲಿಯಲ್ಲಿ ತಾವೇ ಹಾರಿಸುತ್ತಿದ್ದ ಲಘು ವಿಮಾನ ಪತನಗೊಂಡು ಸಂಜಯ್ ಮೃತಪಟ್ಟರು. ಒಬ್ಬಂಟಿಯಾದ ತಾಯಿಯ ನೆರವಿಗೆ ಹಿರಿಯ ಮಗ ನಿಲ್ಲಬೇಕಾಯಿತು. ಪೈಲಟ್ ಕೆಲಸಕ್ಕೆ ವಿದಾಯ ಹೇಳಿ, 1981ರ ಉಪಚುನಾವಣೆಯಲ್ಲಿ ಉತ್ತರ ಪ್ರದೇಶದ ಅಮೇಠಿಯಿಂದ ಲೋಕಸಭೆ ಪ್ರವೇಶಿಸಿದರು. 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಸಿದ್ಧತೆಯಲ್ಲಿ ಪ್ರಮುಖ ಪಾತ್ರ ವಹಿಸಿದರು. 1983ರಲ್ಲಿ ಕಾಂಗ್ರೆಸ್ ಪಕ್ಷದ ಪ್ರಧಾನ ಕಾರ್ಯದರ್ಶಿಯಾದರು.

ಕಾವಲುಗಾರರೇ ಕೊಂದ ದಿನ

ಆ ದಿನಗಳಲ್ಲಿ ಪ್ರಧಾನಿಯ ಭದ್ರತೆಗೆ ಪ್ರತ್ಯೇಕ ಕಾಯ್ದೆಯಾಗಲೀ ಕೇಂದ್ರೀಯ ಪಡೆಯಾಗಲೀ ಇರಲಿಲ್ಲ. 1981ರವರೆಗೆ ಪ್ರಧಾನಿ ನಿವಾಸದ ಕಾವಲು ದೆಹಲಿ ಪೊಲೀಸರ ವಿಶೇಷ ಘಟಕವೊಂದರ ಹೊಣೆಯಾಗಿತ್ತು. ಅದರ ಮುಖ್ಯಸ್ಥರು ಡಿಸಿಪಿ ದರ್ಜೆಯ ಅಧಿಕಾರಿ. 1981ರ ಅಕ್ಟೋಬರ್‌ನಲ್ಲಿ ಗುಪ್ತಚರ ಸಂಸ್ಥೆಯ ಮೂಲಕ ವಿಶೇಷ ಕಾರ್ಯಪಡೆಯೊಂದನ್ನು ರಚಿಸಲಾಯಿತು. 1984ರ ಜೂನ್‌ನಲ್ಲಿ ಅಮೃತಸರದ ಸ್ವರ್ಣಮಂದಿರದಲ್ಲಿ ನಡೆದ ಸೇನಾ ಕಾರ್ಯಾಚರಣೆಯ ನಂತರ ಇಂದಿರಾ ಗಾಂಧಿಯವರಿಗೆ ಅಪಾಯ ಹೆಚ್ಚಿತ್ತು. ಆದರೂ ಸಿಖ್ ಸಮುದಾಯದವರೆಂಬ ಒಂದೇ ಕಾರಣಕ್ಕೆ ಅಂಗರಕ್ಷಕರನ್ನು ದೂರವಿಡಲು ಅವರು ಒಪ್ಪಲಿಲ್ಲ.

1984ರ ಅಕ್ಟೋಬರ್ 31ರ ಬೆಳಿಗ್ಗೆ ಸಫ್ದರ್‌ಜಂಗ್ ರಸ್ತೆಯ ನಿವಾಸದಿಂದ ಪಕ್ಕದ ಅಕ್ಬರ್ ರಸ್ತೆಯ ಕಚೇರಿಯತ್ತ ನಡೆದು ಹೋಗುತ್ತಿದ್ದ ಇಂದಿರಾ ಅವರ ಮೇಲೆ ಅಂಗರಕ್ಷಕರಾದ ಬಿಯಾಂತ್ ಸಿಂಗ್ ಹಾಗೂ ಸತ್ವಂತ್ ಸಿಂಗ್ ಗುಂಡಿನ ಮಳೆಗರೆದರು. ಗುಂಡುನಿರೋಧಕ ಕವಚವನ್ನು ಅವರು ಅಂದು ಧರಿಸಿರಲಿಲ್ಲ. ಪಶ್ಚಿಮ ಬಂಗಾಳದ ಪ್ರವಾಸದಲ್ಲಿದ್ದ ರಾಜೀವ್ ದೆಹಲಿಗೆ ಧಾವಿಸಿದರು. ಅದೇ ಸಂಜೆ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅವರಿಂದ ಪ್ರಧಾನಿಯಾಗಿ ಪ್ರಮಾಣ ವಚನ ಸ್ವೀಕರಿಸಿದರು. ಆಗ ಅವರಿಗೆ 40 ವರ್ಷ.

ಮುಂದಿನ ಕೆಲವು ದಿನಗಳಲ್ಲಿ ದೆಹಲಿಯಲ್ಲಿ ನಡೆದ ಸಿಖ್ಖರ ನರಮೇಧ ಅವರ ಆಡಳಿತದ ಮೊದಲ ಕಳಂಕ. ರಾಜಧಾನಿಯೊಂದರಲ್ಲೇ 2,733 ಮಂದಿ ಹತರಾದರೆಂದು ಸರಕಾರಿ ಸಮಿತಿ ಲೆಕ್ಕ ಹಾಕಿತು. ಪ್ರಧಾನಿಯನ್ನು ಉಳಿಸಿಕೊಳ್ಳಲಾಗದ ವ್ಯವಸ್ಥೆ, ಕಾವಲೇ ಇಲ್ಲದ ಸಾಮಾನ್ಯ ಪ್ರಜೆಯನ್ನೂ ಕೈಬಿಟ್ಟಿತ್ತು. ನಾಯಕರ ಭದ್ರತೆಯ ಕುರಿತು ಮಾತನಾಡುವಾಗ ಈ ಅಧ್ಯಾಯವನ್ನು ಮರೆಯಲಾಗದು. ಡಿಸೆಂಬರ್‌ನಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 400ಕ್ಕೂ ಹೆಚ್ಚು ಸ್ಥಾನ ಗಳಿಸಿತು. ಅಷ್ಟು ದೊಡ್ಡ ಬಹುಮತ ಅದಕ್ಕೆ ಮೊದಲು ಯಾರಿಗೂ ದೊರೆತಿರಲಿಲ್ಲ.

ಎಸ್‌ಪಿಜಿಯ ಉದಯ

ತಾಯಿಯ ಹತ್ಯೆಯ ಬಳಿಕ ಪ್ರಧಾನಿಯ ಭದ್ರತೆಯನ್ನು ಒಂದೇ ಪಡೆಗೆ ಒಪ್ಪಿಸಬೇಕೆಂಬ ನಿರ್ಧಾರವಾಯಿತು. ಬೀರಬಲ್ ನಾಥ್ ಸಮಿತಿಯ ಶಿಫಾರಸಿನಂತೆ 1985ರಲ್ಲಿ ಸಂಪುಟ ಸಚಿವಾಲಯದ ಅಡಿಯಲ್ಲಿ ವಿಶೇಷ ರಕ್ಷಣಾ ಪಡೆ, ಅಂದರೆ ಎಸ್‌ಪಿಜಿ, ಅಸ್ತಿತ್ವಕ್ಕೆ ಬಂದಿತು. ಮೊದಲ ಮೂರು ವರ್ಷ ಅದು ಕೇವಲ ಕಾರ್ಯಾಂಗದ ಆದೇಶದ ಬಲದಲ್ಲಿ ನಡೆಯಿತು.

ಆ ಮೂರು ವರ್ಷಗಳಲ್ಲೇ ರಾಜೀವ್ ಎರಡು ಬಾರಿ ದಾಳಿಗೆ ಗುರಿಯಾದರು. 1986ರ ಅಕ್ಟೋಬರ್ 2ರಂದು ಗಾಂಧಿ ಜಯಂತಿಯ ಪ್ರಾರ್ಥನೆಗೆ ರಾಜಘಾಟ್‌ಗೆ ಹೋಗಿದ್ದಾಗ ಪೊದೆಯಲ್ಲಿ ಅಡಗಿದ್ದ ಯುವಕನೊಬ್ಬ ನಾಡಬಂದೂಕಿನಿಂದ ಗುಂಡು ಹಾರಿಸಿದ. ಪ್ರಧಾನಿ ಪಾರಾದರು. ದೇಶದಲ್ಲೇ ಅತ್ಯಂತ ಬಿಗಿ ಕಾವಲಿನ ದಿನ, ಅಂಥ ಸ್ಥಳದಲ್ಲೇ ಒಬ್ಬ ವ್ಯಕ್ತಿ ಅಡಗಿ ಕುಳಿತುಕೊಳ್ಳಬಹುದೆಂಬುದು ಭದ್ರತಾ ವಲಯವನ್ನು ಬೆಚ್ಚಿಬೀಳಿಸಿತು. 1987ರ ಜುಲೈ 29ರಂದು ಭಾರತ–ಶ್ರೀಲಂಕಾ ಒಪ್ಪಂದಕ್ಕೆ ಕೊಲಂಬೊದಲ್ಲಿ ಸಹಿ ಬಿದ್ದಿತು. ಮರುದಿನ ಗೌರವರಕ್ಷೆ ಸ್ವೀಕರಿಸುತ್ತ ಸಾಗಿದ್ದ ರಾಜೀವ್ ಅವರ ಮೇಲೆ ಸಾಲಿನಲ್ಲಿ ನಿಂತಿದ್ದ ಶ್ರೀಲಂಕಾ ನೌಕಾಪಡೆಯ ನಾವಿಕ ಬಂದೂಕಿನ ಹಿಡಿಯಿಂದ ಬಲವಾಗಿ ಹೊಡೆದ. ಕ್ಷಣಾರ್ಧದಲ್ಲಿ ತಲೆ ಬಾಗಿಸಿದ್ದರಿಂದ ಪೆಟ್ಟು ಭುಜದ ಮೇಲೆ ಬಿದ್ದು ಪ್ರಾಣ ಉಳಿಯಿತು. ಅದೇ ಒಪ್ಪಂದದ ಅನ್ವಯ ಲಂಕೆಗೆ ತೆರಳಿದ ಭಾರತೀಯ ಶಾಂತಿಪಾಲನಾ ಪಡೆಗೂ ಎಲ್‌ಟಿಟಿಇಗೂ ಕೆಲವೇ ತಿಂಗಳಲ್ಲಿ ಯುದ್ಧ ಆರಂಭವಾಯಿತು. ಆ ಯುದ್ಧವೇ ಮುಂದೆ ಅವರ ಪ್ರಾಣಕ್ಕೆ ಮುಳುವಾಯಿತು.

ಇಂಥ ಹಿನ್ನೆಲೆಯಲ್ಲಿ 1988ರ ಕಾಯ್ದೆ ಬಂದಿತು. ಪ್ರಧಾನಿ ಹಾಗೂ ಅವರ ಸಮೀಪದ ಕುಟುಂಬ ಸದಸ್ಯರಿಗೆ ನಿಕಟ ಭದ್ರತೆ ಒದಗಿಸುವುದು ಎಸ್‌ಪಿಜಿಯ ಕರ್ತವ್ಯವೆಂದು ಅದು ವಿಧಿಸಿತು. ರಸ್ತೆ, ರೈಲು, ವಿಮಾನ, ಜಲಮಾರ್ಗ ಅಥವಾ ಕಾಲ್ನಡಿಗೆ, ಯಾವ ರೀತಿಯ ಪ್ರಯಾಣವೇ ಆಗಲಿ, ಸಭೆ ಸಮಾರಂಭವೇ ಆಗಲಿ, ಸುತ್ತುಗಾವಲು ಹಾಕುವುದು, ವೇದಿಕೆಯ ಬಳಿ ಬರುವವರನ್ನು ನಿಯಂತ್ರಿಸುವುದು ನಿಕಟ ಭದ್ರತೆಯ ವ್ಯಾಖ್ಯೆಯಲ್ಲೇ ಸೇರಿತು. ಕೇಂದ್ರದ ಇಲಾಖೆಗಳೂ ರಾಜ್ಯ ಸರಕಾರಗಳೂ ಸ್ಥಳೀಯ ಅಧಿಕಾರಿಗಳೂ ಪಡೆಗೆ ನೆರವಾಗಲೇಬೇಕೆಂದು ಕಾಯ್ದೆ ಹೇಳಿತು. ಹೀಗಾಗಿ ಪ್ರಧಾನಿ ಯಾವ ರಾಜ್ಯಕ್ಕೆ ಕಾಲಿಟ್ಟರೂ ಒಂದೇ ತರಬೇತಿ, ಒಂದೇ ನಿಯಮದ ಕಾವಲು ಜೊತೆಗಿರುವಂತಾಯಿತು.

ಆದರೆ ಆ ಶಾಸನದಲ್ಲಿ ಮಾಜಿ ಪ್ರಧಾನಿಯ ಪ್ರಸ್ತಾಪ ಇರಲಿಲ್ಲ.

ಅಧಿಕಾರ ಹೋಯಿತು, ಕಾವಲೂ ಹೋಯಿತು

1989ರ ಚುನಾವಣೆಯಲ್ಲಿ ಕಾಂಗ್ರೆಸ್ 197 ಸ್ಥಾನಗಳಿಗೆ ಕುಸಿಯಿತು. ಬೊಫೋರ್ಸ್ ಫಿರಂಗಿ ಖರೀದಿಯ ವಿವಾದ ರಾಜೀವ್ ಅವರ ವರ್ಚಸ್ಸನ್ನು ತಗ್ಗಿಸಿತ್ತು. ಡಿಸೆಂಬರ್‌ನಲ್ಲಿ ವಿ.ಪಿ. ಸಿಂಗ್ ಪ್ರಧಾನಿಯಾದರು. ರಾಜೀವ್ ಲೋಕಸಭೆಯಲ್ಲಿ ವಿರೋಧ ಪಕ್ಷದ ನಾಯಕರಾದರು. 1990ರ ಆರಂಭದಲ್ಲಿ ಅವರಿಗಿದ್ದ ಎಸ್‌ಪಿಜಿ ಭದ್ರತೆಯನ್ನು ಹಿಂಪಡೆಯಲಾಯಿತು. ಕಾಯ್ದೆಯ ಅಕ್ಷರಗಳನ್ನು ಹಿಡಿದು ನೋಡಿದರೆ ಸರಕಾರದ ಕ್ರಮದಲ್ಲಿ ತಪ್ಪು ಹುಡುಕುವುದು ಕಷ್ಟ. ಹಾಲಿ ಪ್ರಧಾನಿಗೆ ಮಾತ್ರ ಸಲ್ಲುವ ಪಡೆ ಮಾಜಿ ಪ್ರಧಾನಿಗೆ ಹೇಗೆ ಸಲ್ಲೀತು? ದೆಹಲಿಯಲ್ಲಿ ದೆಹಲಿ ಪೊಲೀಸರು, ಪ್ರವಾಸದಲ್ಲಿ ಆಯಾ ರಾಜ್ಯದ ಪೊಲೀಸರು ನೋಡಿಕೊಳ್ಳುವ ವ್ಯವಸ್ಥೆ ಜಾರಿಯಾಯಿತು. ಒಂದೊಂದು ರಾಜ್ಯದಲ್ಲಿ ಒಂದೊಂದು ಬಗೆಯ ಕಾವಲು.

ಪಂಜಾಬಿನ ಉಗ್ರರ ದ್ವೇಷ, ಲಂಕೆಯ ಎಲ್‌ಟಿಟಿಇಯ ಹಗೆ ಮಾತ್ರ ಕುರ್ಚಿಯ ಜೊತೆ ಹೊಸ ಪ್ರಧಾನಿಗೆ ವರ್ಗಾವಣೆಯಾಗಲಿಲ್ಲ. ಅವು ರಾಜೀವ್ ಅವರ ಬೆನ್ನ ಹಿಂದೆಯೇ ಇದ್ದವು. 1990ರ ನವೆಂಬರ್‌ನಲ್ಲಿ ಕಾಂಗ್ರೆಸ್‌ನ ಬಾಹ್ಯ ಬೆಂಬಲದಿಂದ ಪ್ರಧಾನಿಯಾದ ಚಂದ್ರಶೇಖರ್ ಅವರ ಕಾಲದಲ್ಲೂ ವ್ಯವಸ್ಥೆ ಬದಲಾಗಲಿಲ್ಲ. 1991ರ ಮಾರ್ಚ್‌ನಲ್ಲಿ ರಾಜೀವ್ ನಿವಾಸದ ಹೊರಗೆ ಹರಿಯಾಣದ ಇಬ್ಬರು ಪೊಲೀಸರು ಕಂಡುಬಂದರು. ಅವರು ಬೇಹುಗಾರಿಕೆ ನಡೆಸುತ್ತಿದ್ದಾರೆಂದು ಕಾಂಗ್ರೆಸ್ ಆರೋಪಿಸಿತು. ಆ ಗದ್ದಲದಲ್ಲಿ ಮಾರ್ಚ್ 6ರಂದು ಚಂದ್ರಶೇಖರ್ ರಾಜೀನಾಮೆ ನೀಡಿದರು. ಮನೆಯ ಹೊರಗೆ ನಿಂತ ಇಬ್ಬರು ಪೊಲೀಸರ ವಿಷಯಕ್ಕೆ ಸರಕಾರವೇ ಉರುಳಿದ ದೇಶದಲ್ಲಿ, ಅದೇ ಮನೆಯ ಯಜಮಾನನಿಗೆ ಸಮರ್ಪಕ ಕಾವಲು ಇದೆಯೇ ಎಂಬ ಪ್ರಶ್ನೆ ಬದಿಗೇ ಉಳಿಯಿತು.

ಚುನಾವಣೆ ಘೋಷಣೆಯಾಯಿತು. ಜನರಿಂದ ದೂರವಾದ ಪ್ರಧಾನಿ ಎಂಬ ಟೀಕೆ 1989ರಲ್ಲಿ ರಾಜೀವ್ ಅವರನ್ನು ಬಾಧಿಸಿತ್ತು. ಎಸ್‌ಪಿಜಿಯ ಕಪ್ಪು ಕನ್ನಡಕದ ಸಿಬ್ಬಂದಿಯ ನಡುವೆ ಕಾಣಿಸಿಕೊಳ್ಳುತ್ತಿದ್ದ ಅವರು ಈ ಸಲ ಗುಂಪಿನೊಳಗೆ ಇಳಿದರು. ಹಾರ ಹಾಕಿಸಿಕೊಂಡರು, ಕೈ ಕುಲುಕಿದರು, ತೆರೆದ ಕಾರಿನ ಕಿಟಕಿಯಿಂದ ಜನರಿಗೆ ಕೈಚಾಚಿದರು. ಮತ ಕೇಳಲು ಹೊರಟ ಅಭ್ಯರ್ಥಿಗೆ ಜನಸಂದಣಿಯೇ ಬಂಡವಾಳ. ಕೊಲೆಗಾರನಿಗೂ ಬೇಕಾದದ್ದು ಅದೇ.

ಶ್ರೀಪೆರಂಬುದೂರಿನ ರಾತ್ರಿ

ಮೇ 7ರಂದು ಮದರಾಸಿನ ಸಭೆಯೊಂದರಲ್ಲಿ ವಿ.ಪಿ. ಸಿಂಗ್ ಮಾತನಾಡಿದರು. ಅವರೂ ಆಗ ಎಸ್‌ಪಿಜಿ ಇಲ್ಲದ ಮಾಜಿ ಪ್ರಧಾನಿ. ಸಂಚುಕೋರರು ತಾಲೀಮು ನಡೆಸಲು ಆರಿಸಿಕೊಂಡದ್ದು ಅದೇ ಸಭೆಯನ್ನು ಎಂಬುದು ತನಿಖೆಯಿಂದ ಹೊರಬಿದ್ದಿತು. ಗಣ್ಯರ ಹತ್ತಿರಕ್ಕೆ ಹಾರ ಹಿಡಿದು ಹೋಗುವುದು ಎಷ್ಟು ಸುಲಭವೆಂದು ಅವರು ಅಲ್ಲಿ ಅಳೆದು ನೋಡಿದ್ದರು.

ಮೇ 20ರಂದು ಮೊದಲ ಹಂತದ ಮತದಾನ ಮುಗಿಯಿತು. ಮರುದಿನ ಒಡಿಶಾ, ಆಂಧ್ರಗಳಲ್ಲಿ ಪ್ರಚಾರ ಮುಗಿಸಿದ ರಾಜೀವ್ ವಿಶಾಖಪಟ್ಟಣದಿಂದ ಮದರಾಸಿಗೆ ಹೊರಡಬೇಕಿತ್ತು. ವಿಮಾನದಲ್ಲಿ ತಾಂತ್ರಿಕ ದೋಷ ಕಾಣಿಸಿ ಪ್ರಯಾಣ ತಡವಾಯಿತು. ದೋಷ ಸರಿಪಡಿಸಿದ ಬಳಿಕ ಹೊರಟು, ರಾತ್ರಿ ಮದರಾಸು ತಲುಪಿ, ರಸ್ತೆ ಮಾರ್ಗವಾಗಿ ಶ್ರೀಪೆರಂಬುದೂರಿಗೆ ಬಂದರು. ಅಲ್ಲಿ ಮೊದಲು ತಾಯಿ ಇಂದಿರಾ ಅವರ ಪ್ರತಿಮೆಗೆ ಮಾಲಾರ್ಪಣೆ ಮಾಡಿದರು. ಅಲ್ಲಿಂದ ಸಭಾಸ್ಥಳಕ್ಕೆ ತೆರಳಿ, ಕೆಂಪು ಹಾಸಿನ ಮೇಲೆ ವೇದಿಕೆಯತ್ತ ನಡೆಯತೊಡಗಿದರು.

ಹಾರ ಹಾಕಲು ಅನುಮತಿ ಪಡೆದವರ ಪಟ್ಟಿಯೊಂದು ಪೊಲೀಸರ ಬಳಿ ಇತ್ತು. ಧನು ಎಂಬ ಯುವತಿಯ ಹೆಸರು ಅದರಲ್ಲಿ ಇರಲಿಲ್ಲ. ಅವಳನ್ನು ಹಿಂದೆ ಸರಿಸಲು ಮಹಿಳಾ ಪೊಲೀಸ್ ಸಿಬ್ಬಂದಿಯೊಬ್ಬರು ಯತ್ನಿಸಿದರು. ಎಲ್ಲರಿಗೂ ಅವಕಾಶ ಸಿಗಲೆಂದು ರಾಜೀವ್ ಅವರೇ ತಡೆದರು. ಪ್ರವಾಸದುದ್ದಕ್ಕೂ ಜೊತೆಗಿದ್ದ ಭದ್ರತಾ ಅಧಿಕಾರಿ ಅಲ್ಲಿ ಒಬ್ಬರೇ. ಎಸ್‌ಪಿಜಿ ಇದ್ದಿದ್ದರೆ ಹತ್ತಿರ ಬರುವವರನ್ನು ತಡೆಯುವ ಕೊನೆಯ ನಿರ್ಧಾರ ಕಾಯ್ದೆಯ ಬಲವಿದ್ದ ಪಡೆಯದಾಗಿರುತ್ತಿತ್ತು. ಇಲ್ಲಿ ಅದು ಪಕ್ಷದ ಕಾರ್ಯಕರ್ತರ, ಸ್ಥಳೀಯ ಪೊಲೀಸರ ಮತ್ತು ಸ್ವತಃ ನಾಯಕನ ನಡುವೆ ಹಂಚಿಹೋಗಿತ್ತು. ರಾತ್ರಿ 10 ಗಂಟೆ 20 ನಿಮಿಷದ ಸುಮಾರಿಗೆ ಗಂಧದ ಹಾರ ಹಾಕಿ, ಕಾಲಿಗೆ ನಮಸ್ಕರಿಸಲು ಬಾಗಿದ ಧನು ಉಡುಪಿನೊಳಗೆ ಕಟ್ಟಿಕೊಂಡಿದ್ದ ಸ್ಫೋಟಕದ ಗುಂಡಿ ಒತ್ತಿದಳು. ರಾಜೀವ್ ಜೊತೆಗೆ ಆ ಭದ್ರತಾ ಅಧಿಕಾರಿ, ಕರ್ತವ್ಯನಿರತ ಪೊಲೀಸರು ಮತ್ತು ಸಭೆಗೆ ಬಂದಿದ್ದ ಹಲವರು ಅಸುನೀಗಿದರು. ರಾಜೀವ್ ಅವರಿಗೆ ಆಗ 46 ವರ್ಷ.

ಸ್ಥಳದಲ್ಲೇ ಸತ್ತ ಛಾಯಾಗ್ರಾಹಕನೊಬ್ಬನ ಕ್ಯಾಮೆರಾದಲ್ಲಿ ಉಳಿದ ಚಿತ್ರಗಳು ತನಿಖೆಗೆ ದಾರಿ ತೋರಿದವು. ವಿಶೇಷ ತನಿಖಾ ತಂಡದ ನೇತೃತ್ವ ವಹಿಸಿದವರು ಕರ್ನಾಟಕ ಶ್ರೇಣಿಯ ಐಪಿಎಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್. ಸಂಚಿನ ಮುಖ್ಯ ಸೂತ್ರಧಾರ ಶಿವರಾಸನ್ ತಪ್ಪಿಸಿಕೊಂಡು ಬೆಂಗಳೂರಿಗೆ ಬಂದು ಅಡಗಿದ್ದ. ನಗರದ ಅಂಚಿನ ಕೋಣನಕುಂಟೆಯ ಮನೆಯೊಂದನ್ನು ಪೊಲೀಸರು ಸುತ್ತುವರಿದರು. 1991ರ ಆಗಸ್ಟ್ 20ರ ಬೆಳಿಗ್ಗೆ ಒಳನುಗ್ಗಿದಾಗ ಅವನೂ ಸೇರಿದಂತೆ ಏಳು ಮಂದಿ ಶವವಾಗಿದ್ದರು. ಅಂದು ರಾಜೀವ್ ಅವರ 47ನೇ ಹುಟ್ಟುಹಬ್ಬ.

ಸಾವಿನ ನಂತರದ ತಿದ್ದುಪಡಿ

ಉಳಿದ ಹಂತಗಳ ಮತದಾನ ಜೂನ್‌ಗೆ ಮುಂದೂಡಲ್ಪಟ್ಟಿತು. ಅಮೇಠಿಯಲ್ಲಿ ಮತದಾನ ಮೊದಲೇ ಮುಗಿದಿತ್ತು. ಎಣಿಕೆಯಾದಾಗ ಮೃತ ಅಭ್ಯರ್ಥಿ ಗೆದ್ದಿದ್ದರು. ಭದ್ರತಾ ಲೋಪದ ಕುರಿತು ವಿಚಾರಣೆ ನಡೆಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ ಎಸ್‌ಪಿಜಿಯನ್ನು ಹಿಂಪಡೆದ ಕ್ರಮವನ್ನೂ, ಬದಲಿ ವ್ಯವಸ್ಥೆಯ ಕೊರತೆಯನ್ನೂ ಎತ್ತಿ ತೋರಿಸಿತು. ಸ್ಥಳೀಯ ಪೊಲೀಸರ ಜೊತೆಗೆ ಸಭೆಯ ಸಂಘಟಕರ ಅಶಿಸ್ತನ್ನೂ ಅದು ಬಿಡಲಿಲ್ಲ.

ಅದೇ 1991ರಲ್ಲಿ ಪಿ.ವಿ. ನರಸಿಂಹರಾವ್ ಸರಕಾರ ಕಾಯ್ದೆಗೆ ತಿದ್ದುಪಡಿ ತಂದಿತು. ಮಾಜಿ ಪ್ರಧಾನಿಗಳಿಗೂ ಅವರ ಕುಟುಂಬಕ್ಕೂ ಅಧಿಕಾರ ಬಿಟ್ಟ ದಿನದಿಂದ ಐದು ವರ್ಷ ಎಸ್‌ಪಿಜಿ ಭದ್ರತೆ ದೊರೆಯುವಂತಾಯಿತು. 1994ರಲ್ಲಿ ಈ ಅವಧಿ ಹತ್ತು ವರ್ಷಕ್ಕೆ ಏರಿತು. ಕರ್ನಾಟಕದ ಎಚ್.ಡಿ. ದೇವೇಗೌಡರು ಪ್ರಧಾನಿ ಪದವಿಯಿಂದ ಇಳಿದ ಬಳಿಕ ಕೆಲಕಾಲ ಈ ರಕ್ಷಣೆ ಪಡೆದದ್ದು ಹೀಗೆ. 2003ರ ತಿದ್ದುಪಡಿ ಅವಧಿಯನ್ನು ಒಂದು ವರ್ಷಕ್ಕೆ ಇಳಿಸಿ, ಆನಂತರ ಬೆದರಿಕೆಯ ಪ್ರಮಾಣ ನೋಡಿ ಮುಂದುವರಿಸಬೇಕೆಂದಿತು. 2019ರ ನವೆಂಬರ್‌ನಲ್ಲಿ ಸೋನಿಯಾ, ರಾಹುಲ್, ಪ್ರಿಯಾಂಕಾ ಅವರಿಗಿದ್ದ ಎಸ್‌ಪಿಜಿ ಕಾವಲನ್ನು ಹಿಂಪಡೆದು ಸಿಆರ್‌ಪಿಎಫ್‌ಗೆ ವಹಿಸಲಾಯಿತು. ಅದೇ ವರ್ಷದ ತಿದ್ದುಪಡಿ ಕಾಯ್ದೆಯು ಪಡೆಯ ಸೇವೆಯನ್ನು ಹಾಲಿ ಪ್ರಧಾನಿ ಮತ್ತು ಅವರೊಂದಿಗೆ ಅಧಿಕೃತ ನಿವಾಸದಲ್ಲಿ ವಾಸಿಸುವ ಕುಟುಂಬಕ್ಕೆ ಮಿತಿಗೊಳಿಸಿತು. ಮಾಜಿ ಪ್ರಧಾನಿಗೆ, ಅವರಿಗೆ ಮಂಜೂರಾದ ನಿವಾಸದಲ್ಲಿ ಜೊತೆಗಿರುವ ಕುಟುಂಬಕ್ಕೆ ಐದು ವರ್ಷದ ರಕ್ಷಣೆ ಉಳಿಯಿತು. ಪಡೆಯ ಗಮನ ಒಬ್ಬ ಪ್ರಧಾನಿಯ ಮೇಲೆ ನಿಲ್ಲಬೇಕೆಂಬುದು ಸರಕಾರದ ವಾದ. ಇಬ್ಬರು ಪ್ರಧಾನಿಗಳನ್ನು ಕಳೆದುಕೊಂಡ ಕುಟುಂಬದ ಅಪಾಯವನ್ನು ಕಡೆಗಣಿಸಲಾಗಿದೆ ಎಂಬುದು ಕಾಂಗ್ರೆಸ್‌ನ ಆಕ್ಷೇಪ.

ಅಭ್ಯರ್ಥಿಗಳ ಸ್ಥಿತಿಯೇನು?

ಅಮೆರಿಕದಲ್ಲಿ ಮಾಜಿ ಅಧ್ಯಕ್ಷರಿಗೆ 1965ರಲ್ಲೇ ಸೀಕ್ರೆಟ್ ಸರ್ವಿಸ್ ರಕ್ಷಣೆ ದೊರೆತಿತ್ತು. 1968ರ ಜೂನ್‌ನಲ್ಲಿ ಅಧ್ಯಕ್ಷೀಯ ಆಕಾಂಕ್ಷಿ ರಾಬರ್ಟ್ ಕೆನಡಿ ಹತ್ಯೆಯಾದ ಕೂಡಲೇ ಅಲ್ಲಿನ ಸಂಸತ್ತು ಪ್ರಮುಖ ಅಭ್ಯರ್ಥಿಗಳಿಗೂ ಅದನ್ನು ವಿಸ್ತರಿಸಿತು. ಅಲ್ಲಿಯೂ ಶಾಸನ ಬಂದದ್ದು ಶವದ ಹಿಂದೆಯೇ.

ಭಾರತದಲ್ಲಿ ಅಭ್ಯರ್ಥಿಗಳ ರಕ್ಷಣೆಗೆ ಅಂಥ ಪ್ರತ್ಯೇಕ ಕಾಯ್ದೆ ಇಲ್ಲ. ಗುಪ್ತಚರ ಸಂಸ್ಥೆಗಳ ಅಂದಾಜಿನ ಮೇಲೆ ಎಕ್ಸ್, ವೈ, ಝಡ್, ಝಡ್ ಪ್ಲಸ್ ಎಂಬ ಶ್ರೇಣಿಗಳಲ್ಲಿ ಭದ್ರತೆ ನೀಡುವುದು ಸರಕಾರದ ವಿವೇಚನೆಗೆ ಬಿಟ್ಟದ್ದು. 1991ರ ಜೂನ್‌ನಲ್ಲಿ ಪಂಜಾಬಿನ ಚುನಾವಣಾ ಪ್ರಚಾರದ ವೇಳೆ ಇಪ್ಪತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಉಗ್ರರಿಗೆ ಬಲಿಯಾದರು; ಮತದಾನವನ್ನೇ ಮುಂದೂಡಲಾಯಿತು. ಪ್ರಜಾಪ್ರತಿನಿಧಿ ಕಾಯ್ದೆಯ 52ನೇ ಕಲಮು ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿ ಸತ್ತರೆ ಮತದಾನ ಮುಂದೂಡುವ ವಿಧಾನ ಹೇಳುತ್ತದೆ. ಅಭ್ಯರ್ಥಿ ಸತ್ತ ಮೇಲೆ ಏನು ಮಾಡಬೇಕೆಂಬುದಕ್ಕೆ ಉತ್ತರ ಕಾನೂನಿನಲ್ಲಿದೆ. ಸಾಯದಂತೆ ನೋಡಿಕೊಳ್ಳುವ ಹೊಣೆ ಯಾರದೆಂಬುದಕ್ಕೆ ಉತ್ತರ ಆಯಾ ಕಾಲದ ಸರಕಾರದ ಕೈಯಲ್ಲಿದೆ. ಆ ಸರಕಾರ ಬಹುಪಾಲು ಅಭ್ಯರ್ಥಿಗಳ ಎದುರಾಳಿ ಪಕ್ಷದ್ದೇ ಆಗಿರುತ್ತದೆ ಎಂಬುದೇ ಇಲ್ಲಿರುವ ತೊಡಕು.

ರಾಜೀವ್ ಅವರಿಗೆ 1991ರಲ್ಲಿ ಮರಣೋತ್ತರವಾಗಿ ಭಾರತರತ್ನ ಸಂದಿತು. ಮೇ 21ನ್ನು ಭಯೋತ್ಪಾದನಾ ವಿರೋಧಿ ದಿನವಾಗಿ ಆಚರಿಸಲಾಗುತ್ತದೆ. ಶ್ರೀಪೆರಂಬುದೂರಿನಲ್ಲಿ ಸ್ಮಾರಕ ನಿಂತಿದೆ. ತಾಯಿಯ ಹತ್ಯೆಯಿಂದ ಒಂದು ಪಡೆ, ಮಗನ ಹತ್ಯೆಯಿಂದ ಒಂದು ತಿದ್ದುಪಡಿ ದೇಶಕ್ಕೆ ದೊರೆತವು. ಅಧಿಕಾರದಲ್ಲಿ ಇರುವವರ ಸುತ್ತಲಿನ ಕೋಟೆ ಇಂದು ಭದ್ರವಾಗಿದೆ. ಅಧಿಕಾರ ಕಳೆದುಕೊಂಡು, ಮತ್ತೆ ಜನರ ನಡುವೆ ಬಂದು ಮತ ಕೇಳುವವರ ರಕ್ಷಣೆಯನ್ನು ಮುಂದಿನ ಸಾವಿಗೆ ಕಾಯದೆ ಶಾಸನದಲ್ಲೇ ಬರೆದಿಡುವ ಕೆಲಸ ಮಾತ್ರ ಬಾಕಿ ಉಳಿದಿದೆ.